ಗ್ರಹಕ್ಕೆ ತಕ್ಕ ಕಣ್ಣು

ಕಳೆದ ದೀಪಾವಳಿಯ ರಜೆಯಲ್ಲಿ ನಾನು ಪೋತ್ನಾಳಕ್ಕೆ ಹೋಗಿದ್ದೆ. ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಾನ್ವಿಯನ್ನು ದಾಟಿದ ಮೇಲೆ ಸಿಗುವ ಊರು ಅದು, ನನ್ನ ಹುಟ್ಟೂರು. ಅಕ್ಕನನ್ನು ಊರಲ್ಲಿಯೇ ಕೊಟ್ಟಿದೆ. ಅವಳ ಮಗ ರಾಯಚೂರಿನಲ್ಲಿ ಬಿ.ಎಸ್‌ಸಿ. ಓದುತ್ತಾನೆ. ಹೋದ ವರ್ಷ ಅವನು ಹೇಗೋ ಹಣ ಹೊಂದಿಸಿಕೊಂಡು ಆರಂಗುಲ ಕನ್ನಡಿಯ ದೂರದರ್ಶಕವೊಂದನ್ನು ತರಿಸಿದ್ದ. ಈ ಸಲ ನಾನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ಹತ್ತಿರ ಬಂದು ಕೇಳಿದ:

"ಮಾಮಾ, ದುರ್ಬೀನಿಗಿ ಯಾವ ಕ್ಯಾಮರಾ ಹಚ್ಚಿದ್ರ ಗ್ರಹಗಳ ಫೋಟೋ ಛಲೋ ಬರ್ತಾವ? ಹತ್ತಿ ಮಾರಿದ ರೊಕ್ಕದಾಗ ಅವ್ವ ಒಂದು ಕೊಡಸ್ತೀನಿ ಅಂದಾಳ. ಅಂಗಡ್ಯಾವ ದೊಡ್ಡದೊಂದು ತೋರಿಸ್ಯಾನ. ಅದನ್ನ ತಗೊಳ್ಳೇನು?"

ಹಳಗನ್ನಡದ ಪಾಠ ಹೇಳುವವನನ್ನು ಹೀಗೆ ಕೇಳುವುದೆ ಎಂದು ವಾಚಕರು ನಗಬಹುದು. ನನಗೆ ಮಾತ್ರ ನಗು ಬರಲಿಲ್ಲ. ಒಂದು, ಆ ರೊಕ್ಕ ಎಂಥದೆಂಬುದು ನನಗೆ ಗೊತ್ತು. ಅಕ್ಕ ಬಿಸಿಲಿನಲ್ಲಿ ಕೂಲಿಯಾಳುಗಳೊಂದಿಗೆ ತಾನೂ ನಿಂತು ಬಿಡಿಸಿದ ಹತ್ತಿ. ಅದು ಒಮ್ಮೆ ಕೈಬಿಟ್ಟರೆ ಮತ್ತೊಮ್ಮೆ ಬರುವಂಥದಲ್ಲ. ಎರಡು, ಈ ವಿಷಯದಲ್ಲಿ ನನಗೂ ಒಂದು ಹಳೆಯ ಪೆಟ್ಟು ಬಿದ್ದಿದೆ.

2003ನೆಯ ಇಸವಿಯ ಆಗಸ್ಟ್ 27ರಂದು ಮಂಗಳ ಗ್ರಹವು ಭೂಮಿಗೆ ಸುಮಾರು 5 ಕೋಟಿ 57 ಲಕ್ಷ ಕಿಲೋಮೀಟರಿನಷ್ಟು ಹತ್ತಿರ ಬಂದಿತ್ತು. ಹೆಚ್ಚುಕಡಮೆ ಅರುವತ್ತು ಸಾವಿರ ವರ್ಷಗಳಲ್ಲಿ ಅದು ಅಷ್ಟು ಸಮೀಪಕ್ಕೆ ಬಂದಿರಲಿಲ್ಲ. ಆಗ ನಾನು ಕಲಬುರ್ಗಿಯಲ್ಲಿ ಎಂ.ಎ. ವಿದ್ಯಾರ್ಥಿ. ಮಿತ್ರನೊಬ್ಬನ ಅಣ್ಣ ಮದುವೆಗಳ ಫೋಟೋ ತೆಗೆಯುತ್ತಿದ್ದ. ಅವನ ದೊಡ್ಡ ಕ್ಯಾಮರಾವನ್ನು ಕಾಡಿ ಬೇಡಿ ತಂದು, ಪರಿಚಿತರ ದೂರದರ್ಶಕಕ್ಕೆ ಹೇಗೋ ಬಿಗಿದು, 36 ಚಿತ್ರಗಳ ಸುರುಳಿಯನ್ನು ಪೂರ್ತಿ ಮುಗಿಸಿದೆ. ಎರಡು ದಿನ ಬಿಟ್ಟು ಸ್ಟುಡಿಯೋಕ್ಕೆ ಹೋದರೆ ಅಲ್ಲಿಯವರು ಸುರುಳಿಯನ್ನು ಹಾಗೆಯೇ ಕೈಗೆ ಕೊಟ್ಟು, "ಇದರಾಗ ಏನೂ ಬಿದ್ದಿಲ್ರೀ, ಬರೀ ಕತ್ತಲ. ಪ್ರಿಂಟ್ ಹಾಕಿಲ್ಲ" ಎಂದರು. ಕತ್ತಲೇನೂ ಆಗಿರಲಿಲ್ಲ. ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದರೆ ಒಂದೊಂದು ಚೌಕದಲ್ಲಿಯೂ ಒಂದೊಂದು ಚುಕ್ಕೆ ಇತ್ತು, ಧೂಳಿನ ಕಣ ಅಂಟಿಕೊಂಡಂತೆ. ಅದೇ ನನ್ನ ಮಂಗಳ.

ಆದ್ದರಿಂದ ಅಳಿಯನಿಗೆ, "ನಾಲ್ಕು ದಿನ ತಡಿಯಪಾ, ನೋಡಿ ಹೇಳ್ತೀನಿ" ಎಂದೆ. ಯಾವುದನ್ನೇ ಆಗಲಿ ಅದರ ಪೂರ್ವಕಥೆಯನ್ನು ಕೇಳದೆ ನಂಬದಿರುವುದು ನಮ್ಮಂಥ ಪಾಠದವರ ಸ್ವಭಾವ. ಓದುತ್ತ ಹೋದಂತೆ ಎರಡು ಸಂಗತಿಗಳು ಹೊಳೆದವು. ಗ್ರಹಗಳ ಛಾಯಾಚಿತ್ರದ ಇತಿಹಾಸವೆಂದರೆ ತಕ್ಕದ್ದಲ್ಲದ ಕ್ಯಾಮರಾಗಳನ್ನು ಆರಿಸಿ ಕೆಟ್ಟವರ ಇತಿಹಾಸವೇ ಆಗಿದೆ. ನಾನು ಆ ಸಾಲಿನಲ್ಲಿ ಕೊನೆಯವನು, ಅಷ್ಟೆ. ಎರಡನೆಯದಾಗಿ, ಈ ಕಥೆ ನಡೆದ ದಾರಿಗೂ ನಮ್ಮ ಸೀಮೆಗೂ ಬಹಳ ದೂರವಿಲ್ಲ.

ಕಥೆಯನ್ನು 1868ನೆಯ ಇಸವಿಯಿಂದ ಹಿಡಿಯಬೇಕು. ಆ ವರ್ಷದ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ದಖ್ಖನಿನ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಯಿತು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತ ವರ್ಣಪಟಲದರ್ಶಕವನ್ನು ಹೂಡಿದ್ದ. 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಪೂರ್ವಕ್ಕೆ, ಕೃಷ್ಣೆಯ ಆಚೆ, ನಿಜಾಮರ ಸೀಮೆಗೆ ಸೇರಿದ್ದ ವನಪರ್ತಿಯಲ್ಲಿ ಮದರಾಸು ವೇಧಶಾಲೆಯ ಚಿಂತಾಮಣಿ ರಘುನಾಥಾಚಾರಿ ಇದ್ದರು. ಇನ್ನೂ ಪೂರ್ವಕ್ಕೆ ಗುಂಟೂರಿನಲ್ಲಿ ಇಂಗ್ಲಿಷರ ಪರವಾಗಿ ಟೆನ್ನೆಂಟ್, ಫ್ರೆಂಚರ ಪರವಾಗಿ ಜಾನ್ಸೆನ್. ನಕ್ಷೆಯಲ್ಲಿ ಜಮಖಂಡಿಗೂ ವನಪರ್ತಿಗೂ ಗೆರೆ ಎಳೆದು ನೋಡಿ: ರಾಯಚೂರು ಆ ಗೆರೆಯ ಮಗ್ಗುಲಲ್ಲಿಯೇ ಇದೆ. ಆ ದಿನ ನಮ್ಮ ಹಿರಿಯರು ಹಗಲಿನಲ್ಲಿಯೇ ನಕ್ಷತ್ರ ಕಂಡು, ಸ್ನಾನ ಮಾಡಿ, ದಾನ ಕೊಟ್ಟಿರಬೇಕು. ಅವರ ಎರಡೂ ಕಡೆಯಲ್ಲಿ ವಿದ್ವಾಂಸರು ಗಾಜು ಹಿಡಿದು ನಿಂತಿದ್ದುದು ಅವರಿಗೆ ತಿಳಿಯುವಂತಿರಲಿಲ್ಲ.

ಆ ಕಾಲದ ಕ್ಯಾಮರಾ ಎಂದರೆ ಏನೆಂದು ತಿಳಿಯಬೇಕು. ಗಾಜಿನ ತಟ್ಟೆಗೆ ಕೊಲೋಡಿಯನ್ ಎಂಬ ಅಂಟನ್ನು ಹಚ್ಚಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗೆ ಚಿತ್ರ ತೆಗೆದು, ಕೂಡಲೆ ಕತ್ತಲೆಯ ಡೇರೆಯೊಳಗೆ ತೊಳೆಯಬೇಕು. ನಮ್ಮ ಕಡೆಯ ಒಣಹವೆಯಲ್ಲಿ ಇದೊಂದು ಓಟದ ಪಂದ್ಯ. ಉಜ್ಜ್ವಲನಾದ ಸೂರ್ಯನಿಗೆ ಈ ತಟ್ಟೆ ಸಾಕು. ಮಂದವಾಗಿ ಬೆಳಗುವ ಗ್ರಹವನ್ನು ವಿವರವಾಗಿ ಹಿಡಿಯಲು ಅದರ ಚುರುಕು ಸಾಲದು. ಆದ್ದರಿಂದ ಒಂದು ಗ್ರಹವನ್ನು ಸೂಕ್ಷ್ಮವಾಗಿ ಅಳೆಯುವ ಕೆಲಸಕ್ಕೆ ದೇಶದೇಶಗಳವರು ಕ್ಯಾಮರಾ ಹೊತ್ತು ಹೊರಟಾಗ ಅವರು ಹಿಡಿಯಹೊರಟದ್ದು ಗ್ರಹದ ಬೆಳಕನ್ನಲ್ಲ, ಸೂರ್ಯನ ಮುಖದ ಮೇಲೆ ಬಿದ್ದ ಅದರ ಕರಿಯ ಬೊಟ್ಟನ್ನು.

ಅದು 1874ರ ಡಿಸೆಂಬರ್ 9. ಅಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯ್ದುಹೋಯಿತು. ನಮ್ಮ ದೇಶದಲ್ಲಿ ಬೆಳಗಿನ ಹೊತ್ತು. ಭೂಮಿಯ ಬೇರೆ ಬೇರೆ ಸ್ಥಳಗಳಲ್ಲಿ ನಿಂತು, ಶುಕ್ರ ಸೂರ್ಯನ ಅಂಚನ್ನು ಮುಟ್ಟಿದ ಗಳಿಗೆಯನ್ನು ಸರಿಯಾಗಿ ಗುರುತಿಸಿದರೆ ಭೂಮಿಯಿಂದ ಸೂರ್ಯನಿಗೆ ಎಷ್ಟು ದೂರವೆಂಬುದನ್ನು ಲೆಕ್ಕಹಾಕಬಹುದು. ಇದನ್ನು ನಮ್ಮ ಜನಕ್ಕೆ ತಿಳಿಯಹೇಳಲು ರಘುನಾಥಾಚಾರಿಯವರು ಒಂದು ಚಿಕ್ಕ ಪುಸ್ತಕವನ್ನು ಬರೆದರು. ಅದು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಹೊರಬಂದಿತು. ಗ್ರಹವೊಂದರ ವೀಕ್ಷಣೆಗೆ ಜನರನ್ನು ಸಿದ್ಧಪಡಿಸುವ ಹೊಸ ಬಗೆಯ ಬರಹ ಅಷ್ಟು ಹಿಂದೆಯೇ ಕನ್ನಡದಲ್ಲಿತ್ತೆಂಬುದು ಕನ್ನಡದ ಅಧ್ಯಾಪಕನಾದ ನನಗೆ ಈ ಓದಿನಲ್ಲಿ ಸಿಕ್ಕ ಬಹು ದೊಡ್ಡ ಲಾಭ.

ಕ್ಯಾಮರಾದ ಆಯ್ಕೆಯ ಪ್ರಶ್ನೆ ಗಂಭೀರವಾಗಿ ಎದ್ದದ್ದು ಆಗಲೇ. ಇಂಗ್ಲಿಷರು ಸೂರ್ಯಬಿಂಬವನ್ನು ಮಸೂರದಿಂದ ದೊಡ್ಡದು ಮಾಡಿ ತಟ್ಟೆಯ ಮೇಲೆ ಬೀಳಿಸುವ ಯಂತ್ರವನ್ನು ಆರಿಸಿದರು. ಅಮೆರಿಕದವರು ದೂರದರ್ಶಕವನ್ನು ನೆಲಕ್ಕೆ ಸಮನಾಗಿ ಮಲಗಿಸಿ, ಕನ್ನಡಿಯಿಂದ ಬೆಳಕನ್ನು ಅದರೊಳಕ್ಕೆ ತಿರುಗಿಸಿ, ಸುಮಾರು 40 ಅಡಿ ಆಚೆಗೆ ತಟ್ಟೆಯನ್ನಿಟ್ಟರು. ಜಾನ್ಸೆನ್, ಆರು ವರ್ಷದ ಹಿಂದೆ ಗುಂಟೂರಿನಲ್ಲಿದ್ದ ಅದೇ ಜಾನ್ಸೆನ್, ಬೇರೆಯೇ ದಾರಿ ಹಿಡಿದ. ಒಂದು ದೊಡ್ಡ ಚಿತ್ರದ ಹಂಬಲವನ್ನೇ ಅವನು ಬಿಟ್ಟ. ಗುಂಡಾದ ತಟ್ಟೆಯೊಂದು ಗಡಿಯಾರದಂತೆ ಹೆಜ್ಜೆಹೆಜ್ಜೆಯಾಗಿ ತಿರುಗಿ, 72 ಸೆಕೆಂಡುಗಳಲ್ಲಿ 48 ಚಿಕ್ಕ ಚಿತ್ರಗಳನ್ನು ತನ್ನಷ್ಟಕ್ಕೆ ತೆಗೆಯುವ ಯಂತ್ರವನ್ನು ಮಾಡಿಸಿದ. ಪಿಸ್ತೂಲಿನ ಗುಂಡಿನ ಮನೆ ತಿರುಗುವಂತೆ ತಿರುಗುತ್ತಿದ್ದುದರಿಂದ ಅದಕ್ಕೆ ಛಾಯಾಚಿತ್ರದ ರಿವಾಲ್ವರ್ ಎಂದು ಹೆಸರಾಯಿತು. ಅದನ್ನು ಜಪಾನಿನ ನಾಗಸಾಕಿಗೆ ಕೊಂಡೊಯ್ದು ಶುಕ್ರನಿಗಾಗಿ ಕಾದ.

ಫಲ ಏನಾಯಿತು? ಇಂಗ್ಲಿಷರ ಚಿತ್ರಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಸೂರ್ಯನ ಅಂಚು ಎಲ್ಲಿ ಮುಗಿಯಿತು, ಶುಕ್ರನ ಅಂಚು ಎಲ್ಲಿ ತೊಡಗಿತು ಎಂಬುದೇ ತಿಳಿಯದಂತೆ ಎಲ್ಲವೂ ಮಸುಕಾಗಿತ್ತು. ಅವರು ಎಷ್ಟು ಬೇಸತ್ತರೆಂದರೆ 1882ರ ಮುಂದಿನ ಶುಕ್ರಸಂಕ್ರಮಣಕ್ಕೆ ಛಾಯಾಚಿತ್ರದ ಗೊಡವೆಗೇ ಹೋಗಲಿಲ್ಲ. ಜಾನ್ಸೆನ್ನನ ರಿವಾಲ್ವರಿನಿಂದಲೂ ಸೂರ್ಯನ ದೂರವೇನೂ ಇತ್ಯರ್ಥವಾಗಲಿಲ್ಲ. ಆದರೆ ಅವನ ಯುಕ್ತಿ ವ್ಯರ್ಥವಾಗಲಿಲ್ಲ. ಅದೇ ಜಾಡಿನಲ್ಲಿ ಮಾರೇ ಎಂಬ ಫ್ರೆಂಚ್ ವಿಜ್ಞಾನಿ 1882ರಲ್ಲಿ ಹಾರುವ ಹಕ್ಕಿಯ ಚಿತ್ರ ತೆಗೆಯುವ ಕೋವಿಯನ್ನು ಮಾಡಿದ. ಮುಂದೆ ಚಲನಚಿತ್ರ ಬಂದಿತು. ನಾವು ಟಾಕೀಸಿನಲ್ಲಿ ನೋಡಿ ಬೆಳೆದ ಸಿನಿಮಾದ ಪೂರ್ವಿಕರಲ್ಲಿ ಒಬ್ಬರು ಗ್ರಹದ ಚಿತ್ರ ತೆಗೆಯುವ ಯಂತ್ರವೆಂಬುದು ವಿನೋದವಾದರೂ ಸತ್ಯ.

ಮುಂದೆ ಒಣ ತಟ್ಟೆಗಳು ಬಂದವು. ಗ್ರಹಗಳ ಸ್ವಂತ ಬೆಳಕನ್ನು ಹಿಡಿಯುವುದು ಸಾಧ್ಯವಾಯಿತು. 1885-86ರ ಸುಮಾರಿಗೆ ಪ್ಯಾರಿಸಿನ ಹೆನ್ರಿ ಸೋದರರು ಗುರು ಶನಿಗಳ ಒಳ್ಳೆಯ ಚಿತ್ರಗಳನ್ನು ತೆಗೆದರು. ಆಗ ಮಂಗಳನಲ್ಲಿ ಕಾಲುವೆಗಳಿವೆಯೆ ಎಂಬ ವಾದ ಲೋಕವನ್ನೆಲ್ಲ ಹಿಡಿದಿತ್ತು. ಅಮೆರಿಕದ ಪರ್ಸಿವಲ್ ಲೊವೆಲ್, ಇವೆ ಎಂದು ಹಟ ಹಿಡಿದಿದ್ದ. ಕ್ಯಾಮರಾ ಸುಳ್ಳು ಹೇಳದು, ಅದೇ ತೀರ್ಪು ಕೊಡಲಿ ಎಂದು ಅವನ ವೇಧಶಾಲೆಯ ಲ್ಯಾಂಪ್ಲೆಂಡ್ 1905ರಲ್ಲಿ ಮಂಗಳನ ಚಿತ್ರಗಳನ್ನು ತೆಗೆದ; 1907ರಲ್ಲಿ ಸ್ಲೈಫರ್ ದಕ್ಷಿಣ ಅಮೆರಿಕಕ್ಕೆ ಹೋಗಿ ಸಾವಿರಾರು ಚಿತ್ರ ತೆಗೆದ. ಒಂದೊಂದು ಬಿಂಬವೂ ಹೆಸರುಕಾಳಿನಷ್ಟು. ಲೊವೆಲ್ ಅದರಲ್ಲಿ ಕಾಲುವೆ ಕಂಡ, ಇತರರು ಏನೂ ಕಾಣಲಿಲ್ಲ. ಪತ್ರಿಕೆಯಲ್ಲಿ ಅಚ್ಚಾಗುವಾಗ ಇದ್ದ ವಿವರವೂ ಅಳಿಸಿಹೋಯಿತು. ಕೊನೆಗೆ 1909ರಲ್ಲಿ ಆಂಟೋನಿಯಾಡಿ ಎಂಬ ವೀಕ್ಷಕ ಪ್ಯಾರಿಸಿನ ಬಳಿಯ ಮ್ಯೂಡಾನಿನ ಭಾರಿ ದೂರದರ್ಶಕಕ್ಕೆ ಬರಿಗಣ್ಣಿಟ್ಟು ನೋಡಿ, ಕಾಲುವೆಯೂ ಇಲ್ಲ ಏನೂ ಇಲ್ಲ, ಚುಕ್ಕೆ ಕಲೆಗಳು ಮಾತ್ರ ಎಂದು ಬಿಡಿಸಿ ಹೇಳಿದ. ಕಣ್ಣು ಗೆದ್ದಿತು, ಕ್ಯಾಮರಾ ಸೋತಿತು.

ಏಕೆ ಸೋತಿತು? ಇಲ್ಲಿದೆ ವಿಷಯದ ತಿರುಳು. ಬೇಸಗೆಯ ಮಧ್ಯಾಹ್ನ ರಾಯಚೂರಿನ ಡಾಂಬರು ರಸ್ತೆಯನ್ನು ದೂರಕ್ಕೆ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಎದುರಿಗೆ ಬರುವ ಬಸ್ಸು ನೀರಿನಲ್ಲಿ ಅಲುಗಿದಂತೆ ಕಾಣುತ್ತದೆ. ಬಿಸಿ ಗಾಳಿಯೂ ತಣ್ಣನೆಯ ಗಾಳಿಯೂ ಬೆರೆತು ಬೆಳಕನ್ನು ಆ ಕಡೆ ಈ ಕಡೆ ಬಾಗಿಸುವುದರ ಫಲ ಅದು. ರಾತ್ರಿಯಲ್ಲಿಯೂ ನಮ್ಮ ತಲೆಯ ಮೇಲಿನ ಗಾಳಿ ಹೀಗೆಯೇ, ಇನ್ನೂ ನವುರಾಗಿ, ಅಲುಗುತ್ತಿರುತ್ತದೆ. ನಕ್ಷತ್ರ ಮಿನುಗುವುದು ಅದಕ್ಕಾಗಿಯೇ. ಈ ಅಲುಗಾಟದ ನಡುವೆ ಆಗಾಗ ಕ್ಷಣಕಾಲ ಗಾಳಿ ಸ್ತಬ್ಧವಾಗುವುದುಂಟು. ಕಣ್ಣಿಟ್ಟು ಕುಳಿತವನು ಆ ಕ್ಷಣವನ್ನು ಹಿಡಿದು, ಉಳಿದುದನ್ನು ಮರೆಯುತ್ತಾನೆ. ಹಲವು ಸೆಕೆಂಡು ತೆರೆದಿರುವ ಕ್ಯಾಮರಾಕ್ಕೆ ಮರೆಯಲು ಬಾರದು. ಒಳ್ಳೆಯ ಕ್ಷಣವನ್ನೂ ಕೆಟ್ಟ ಕ್ಷಣಗಳನ್ನೂ ಒಂದೇ ತಟ್ಟೆಯ ಮೇಲೆ ಕಲಸಿಬಿಡುತ್ತದೆ.

ಹಾಗೆಂದು ದೊಡ್ಡ ತಟ್ಟೆಯ ಕ್ಯಾಮರಾ ನಿರರ್ಥಕವೆನ್ನುವಂತಿಲ್ಲ. ಈ ಮಾತಿಗೆ ಸಾಕ್ಷಿಯಾಗಿ ನಮ್ಮ ಹಳೆಯ ರಾಜಧಾನಿಗೆ ಬರೋಣ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗರು 1901ರಲ್ಲಿ ಸ್ವಂತ ಹಣದಿಂದ ವೇಧಶಾಲೆ ಕಟ್ಟಿ, ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕ ತರಿಸಿದರು. ಅವರ ನಂತರ 1908ರಲ್ಲಿ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ವೇಧಶಾಲೆ ಬೇಗಂಪೇಟೆಗೆ ಬಂದಿತು. ಆಗ ಲೋಕದ ಹದಿನೆಂಟು ವೇಧಶಾಲೆಗಳು ಕೂಡಿ ಇಡೀ ಆಕಾಶದ ಛಾಯಾಪಟವನ್ನು ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿದ್ದವು. 1887ರಲ್ಲಿ ಪ್ಯಾರಿಸಿನಲ್ಲಿ ತೊಡಗಿದ ಆ ಕೆಲಸಕ್ಕೆ ಮಾದರಿಯಾದುದು ಮೇಲೆ ಹೇಳಿದ ಹೆನ್ರಿ ಸೋದರರ ದೂರದರ್ಶಕವೇ. ಆಕಾಶದ ಒಂದು ಪಟ್ಟಿ ಹೈದರಾಬಾದಿನ ಪಾಲಿಗೆ ಬಂದಿತು. 8 ಅಂಗುಲದ ಕ್ಯಾಮರಾ ದೂರದರ್ಶಕದಿಂದ ರಾತ್ರಿಗಳನ್ನು ಗಾಜಿನ ಮೇಲೆ ಇಳಿಸಿಕೊಂಡರು. ಪೋಕಾಕ್, ಅವರ ಬಳಿಕ ಟಿ. ಪಿ. ಭಾಸ್ಕರಶಾಸ್ತ್ರಿಗಳು ನಿರ್ದೇಶಕರಾಗಿ ಕೆಲಸವನ್ನು ಮುನ್ನಡೆಸಿದರು. 1946ರ ಹೊತ್ತಿಗೆ ಹನ್ನೆರಡು ಸಂಪುಟಗಳು, 7,63,542 ನಕ್ಷತ್ರಗಳ ಸ್ಥಾನಗಳು ಅಚ್ಚಾದವು. ಮಾನ್ವಿ, ದೇವದುರ್ಗಗಳ ರೈತರು ಕಟ್ಟಿದ ಕಂದಾಯದ ಪುಟ್ಟ ಪಾಲೂ ಆ ಗಾಜುಗಳಲ್ಲಿ ಸೇರಿದೆಯೆಂದರೆ ತಪ್ಪಾಗಲಾರದು.

ಆದರೆ ಆ ಭವ್ಯ ಯೋಜನೆಯ ಅಳತೆ ಹೇಗಿತ್ತೆಂದರೆ, ಆಕಾಶದ ಒಂದು ಕಲೆಯಷ್ಟು ಅಂತರ, ಎಂದರೆ ಒಂದು ಅಂಶದ ಅರುವತ್ತರಲ್ಲೊಂದು ಪಾಲು, ಗಾಜಿನ ಮೇಲೆ ಒಂದು ಮಿಲಿಮೀಟರು. ಗುರುಗ್ರಹದ ಅಗಲ ಸುಮಾರು ಮುಕ್ಕಾಲು ಕಲೆ. ಅಂಥ ತಟ್ಟೆಯ ಮೇಲೆ ಅದು ಮುಕ್ಕಾಲು ಮಿಲಿಮೀಟರಿನ ಬಿಳಿಯ ಬೊಟ್ಟಾಗಿ ಕೂರುತ್ತದೆ. ವಿಶಾಲವಾದ ಆಕಾಶದಲ್ಲಿ ಸಾವಿರಾರು ಚುಕ್ಕೆಗಳ ಸ್ಥಾನ ತಿಳಿಯಬೇಕಾದರೆ ಆ ಕಣ್ಣೇ ಕಣ್ಣು. ಒಂದು ಗ್ರಹದ ಮುಖ ನೋಡಬೇಕಾದರೆ ಅದು ಕುರುಡು. ಕೆಲಸ ಯಾವುದೆಂದು ಗೊತ್ತುಮಾಡದೆ ಕ್ಯಾಮರಾ ಒಳ್ಳೆಯದೆ ಕೆಟ್ಟದೆ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಇದಕ್ಕಿಂತಲೂ ಸೋಜಿಗದ ನಿದರ್ಶನವೊಂದುಂಟು. ನಿಜಾಮಿಯಾ ವೇಧಶಾಲೆಯಲ್ಲಿ ಸಹಾಯಕರಾಗಿದ್ದವರೊಬ್ಬರ ಮಗ ಆ ಗುಮ್ಮಟಗಳ ನೆರಳಲ್ಲಿಯೇ ಬೆಳೆದು ದೊಡ್ಡ ಖಗೋಳಶಾಸ್ತ್ರಜ್ಞರಾದರು. ಅವರೇ ವೇಣು ಬಾಪು. ಬೆಂಗಳೂರಿನಲ್ಲಿ ನೆಲೆಗೊಂಡ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದವರು, ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಅದರ ವೇಧಶಾಲೆಯನ್ನು ನೆಲೆಗೊಳಿಸಿದವರು. ಅಲ್ಲಿ 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ತೀರ ಹತ್ತಿರಕ್ಕೆ ಸರಿಯುವುದಿತ್ತು. ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅವರು 102 ಸೆಂಟಿಮೀಟರ್ ದೂರದರ್ಶಕಕ್ಕೆ ಹಚ್ಚಿದುದು ಕ್ಯಾಮರಾವನ್ನಲ್ಲ. ಬಂದ ಬೆಳಕೆಷ್ಟೆಂದು ಕ್ಷಣಕ್ಷಣಕ್ಕೂ ಅಳೆಯುವ ದ್ಯುತಿಮಾಪಕವನ್ನು. ಗ್ರಹ ಇನ್ನೂ ದೂರವಿರುವಾಗಲೇ ನಕ್ಷತ್ರದ ಬೆಳಕು ಕೆಲವೇ ಸೆಕೆಂಡು ಕುಗ್ಗಿ ಮತ್ತೆ ಏರಿತು. ಯುರೇನಸ್ಸಿಗೆ ಹೊಸದೊಂದು ಉಪಗ್ರಹವಿರಬಹುದೆಂದು ಮೊದಲು ಅವರು ತಿಳಿದರು. ಅದೇ ರಾತ್ರಿ ವಿಮಾನದಲ್ಲಿ ಹಾರುತ್ತ ಅಳೆದ ಅಮೆರಿಕದವರಿಗೂ ಇಂಥ ಕುಗ್ಗುಗಳು ಸಿಕ್ಕಿದ್ದವು. ಎಲ್ಲವನ್ನೂ ಕೂಡಿಸಿ ನೋಡಿದಾಗ ಅವು ಯುರೇನಸ್ಸಿನ ಉಂಗುರಗಳೆಂದು ತಿಳಿಯಿತು. ಅಜ್ಜ ಹರ್ಷೆಲ್ ಕಂಡ ಗ್ರಹದ ಉಂಗುರ ಸಿಕ್ಕಿದ್ದು ಒಂದು ಚಿತ್ರವನ್ನೂ ತೆಗೆಯದೆ! ಕೇಳಿದ ಪ್ರಶ್ನೆ, ಬೆಳಕು ಯಾವ ಕ್ಷಣದಲ್ಲಿ ಕುಗ್ಗಿತು ಎಂಬುದು. ಆ ಪ್ರಶ್ನೆಗೆ ಅದೇ ತಕ್ಕ ಕಣ್ಣು.

ಇನ್ನು ನಮ್ಮ ಕಾಲಕ್ಕೆ ಬರೋಣ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು ಸಿಸಿಡಿ ಎಂಬ ಸಾಧನವನ್ನು ಕಲ್ಪಿಸಿದರು. ಬಿದ್ದ ಬೆಳಕನ್ನು ವಿದ್ಯುತ್ತಾಗಿ ಎಣಿಸಿಡುವ ಸಾವಿರಾರು ಪುಟ್ಟ ಮನೆಗಳ ಹಾಸು ಅದು. ಆ ಮನೆಗಳನ್ನೇ ಪಿಕ್ಸೆಲ್ ಎನ್ನುವುದು. 2009ರಲ್ಲಿ ಇವರಿಗೆ ನೊಬೆಲ್ ಬಹುಮಾನ ಬಂದಿತು. 1978ರಲ್ಲಿ ಫ್ರೀಡ್ ಎಂಬ ವಿಜ್ಞಾನಿ, ಬಹಳ ಚಿಕ್ಕ ಅವಧಿಯ ಚಿತ್ರಗಳನ್ನು ತೆಗೆಯುತ್ತ ಹೋದರೆ ಗಾಳಿ ಸ್ತಬ್ಧವಾದ ಅದೃಷ್ಟದ ಕ್ಷಣವೊಂದು ಸಿಗುವ ಸಂಭವ ಎಷ್ಟೆಂದು ಗಣಿತದಿಂದ ತೋರಿಸಿಕೊಟ್ಟ. ಆದರೆ ಅದನ್ನು ಮನೆಯಂಗಳಕ್ಕೆ ತಂದವರು ಹವ್ಯಾಸಿಗಳು. 2000ದ ಆಸುಪಾಸಿನಲ್ಲಿ, ಕಂಪ್ಯೂಟರಿನ ಮೇಲಿಟ್ಟು ಮುಖ ನೋಡಿ ಮಾತಾಡುವ ಅಗ್ಗದ ವೆಬ್‌ಕ್ಯಾಮರಾವನ್ನು ಬಿಚ್ಚಿ, ಅದರ ಮಸೂರ ತೆಗೆದು, ದೂರದರ್ಶಕಕ್ಕೆ ಸಿಕ್ಕಿಸಿದರು. ಅದು ಸೆಕೆಂಡಿಗೆ ಹತ್ತಾರು ಚಿತ್ರ ತೆಗೆಯುತ್ತಿತ್ತು. ಸಾವಿರ ಚಿತ್ರಗಳಲ್ಲಿ ಕೆಟ್ಟುದನ್ನು ಕಳೆದು, ಒಳ್ಳೆಯದನ್ನು ಒಂದರ ಮೇಲೊಂದು ಕೂಡಿಸುವ ತಂತ್ರಾಂಶವೂ ಬಂದಿತು. ಅಕ್ಕಿ ಆರಿಸಿದಂತೆ! ಆಂಟೋನಿಯಾಡಿಯ ಕಣ್ಣು ಮಾಡುತ್ತಿದ್ದ ಕೆಲಸವನ್ನು ಕ್ಯಾಮರಾ ಕಲಿತದ್ದು ಹೀಗೆ, ಜಾನ್ಸೆನ್ನನ ಹಳೆಯ ಯುಕ್ತಿಯಿಂದಲೇ.

ಅವರ ಕೆಲಸ ಆಟವಾಗಿ ಉಳಿಯಲಿಲ್ಲ. 2009ರ ಜುಲೈ 19ರಂದು ಆಸ್ಟ್ರೇಲಿಯದ ಹವ್ಯಾಸಿ ಆಂಥೊನಿ ವೆಸ್ಲಿ ತನ್ನ ಮನೆಯ ದೂರದರ್ಶಕದಿಂದ ಗುರುವಿನ ಮೇಲೆ ಹೊಸದೊಂದು ಕರಿಯ ಕಲೆಯನ್ನು ಕಂಡ. ಯಾವುದೋ ಕಾಯ ಬಂದು ಗ್ರಹಕ್ಕೆ ಅಪ್ಪಳಿಸಿದ ಗುರುತು ಅದು. ದೊಡ್ಡ ವೇಧಶಾಲೆಗಳು ಅವನ ಮಾತು ಕೇಳಿದ ಮೇಲೆ ಆ ಕಡೆ ತಿರುಗಿದವು. ಮರುವರ್ಷ ಜೂನ್ 3ರಂದು ಗುರುವಿನ ಮೇಲೆ ಒಂದೆರಡು ಸೆಕೆಂಡಿನ ಮಿಂಚನ್ನು ಅದೇ ವೆಸ್ಲಿಯ ಕ್ಯಾಮರಾ ಹಿಡಿಯಿತು. ಇದು ಕ್ಯಾಮರಾದ ದೋಷವಲ್ಲವೆಂದು ಹೇಗೆ ಹೇಳುವುದು? ಫಿಲಿಪೀನ್ಸಿನಲ್ಲಿ ಕ್ರಿಸ್ಟೊಫರ್ ಗೋ ಎಂಬ ಇನ್ನೊಬ್ಬ ಹವ್ಯಾಸಿಯ ಕ್ಯಾಮರಾದಲ್ಲಿಯೂ ಅದೇ ಮಿಂಚು ಅದೇ ಗಳಿಗೆಯಲ್ಲಿ ದಾಖಲಾಗಿತ್ತು. ಎರಡು ಸಾಕ್ಷಿ ಸಿಕ್ಕಮೇಲೆ ಯಾರೂ ಸಂಶಯಪಡಲಿಲ್ಲ.

ಇಷ್ಟನ್ನು ಓದಿಕೊಂಡು ನಾನು ಅಳಿಯನನ್ನು ಕೂಡಿಸಿಕೊಂಡು ಲೆಕ್ಕ ಮಾಡಿದೆ. ಅವನ ದೂರದರ್ಶಕದ ಸಂಗಮದೂರ 1200 ಮಿಲಿಮೀಟರು. ಗುರುಗ್ರಹದ ಬಿಂಬ ಅದರಲ್ಲಿ ಮಿಲಿಮೀಟರಿನ ಕಾಲು ಭಾಗವಾಗಿ ಬೀಳುತ್ತದೆ. ಅಂಗಡಿಯಲ್ಲಿ ತೋರಿಸಿದ ಕ್ಯಾಮರಾದ ಬೆಳಕಿನ ಹಾಸು 36 ಮಿಲಿಮೀಟರು ಅಗಲ. ನೂರು ಗುರುಗಳನ್ನು ಸಾಲಾಗಿ ಕೂಡಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಕೊಟ್ಟ ಹಣವೆಲ್ಲ ಕರಿಯ ಬಯಲಿಗೆ! 2003ರಲ್ಲಿ ನನಗೆ ಆದದ್ದೂ ಇದೇ. ಮಂಗಳನ ಬಿಂಬ ಗುರುವಿನದಕ್ಕಿಂತ ಇನ್ನೂ ಚಿಕ್ಕದು.

ಗ್ರಹಕ್ಕೆ ಬೇಕಾದ ಕ್ಯಾಮರಾ ಬೇರೆ. ಹಾಸು ಹೆಬ್ಬೆರಳ ಉಗುರಿಗಿಂತ ಚಿಕ್ಕದಿದ್ದರೂ ಸರಿ, ಪಿಕ್ಸೆಲ್ಲುಗಳು ಸಣ್ಣವಾಗಿರಬೇಕು, ಮಂದ ಬೆಳಕಿಗೂ ಸ್ಪಂದಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸೆಕೆಂಡಿಗೆ ನೂರರಷ್ಟು ಚಿತ್ರ ತೆಗೆದು ಕಂಪ್ಯೂಟರಿಗೆ ಸಾಗಿಸಬಲ್ಲಷ್ಟು ವೇಗವಿರಬೇಕು. ಬಿಂಬವನ್ನು ಎಷ್ಟು ಹಿಗ್ಗಿಸಬೇಕೆಂಬುದಕ್ಕೂ ಬಲ್ಲವರ ಒಂದು ಸ್ಥೂಲ ಸೂತ್ರವಿದೆ. ಪಿಕ್ಸೆಲ್ಲಿನ ಅಗಲ ಎಷ್ಟು ಮೈಕ್ರಾನೋ ಅದರ ಐದರಷ್ಟು, ಸಂಗಮದೂರವು ಕನ್ನಡಿಯ ಅಗಲದ ಅಷ್ಟು ಪಟ್ಟು ಇರಬೇಕು. ನಾವು ನೋಡಿದ ಕ್ಯಾಮರಾದ ಪಿಕ್ಸೆಲ್ 2.9 ಮೈಕ್ರಾನು, ಐದರಿಂದ ಗುಣಿಸಿದರೆ ಹೆಚ್ಚುಕಡಮೆ 15. ಅಳಿಯನ ದೂರದರ್ಶಕದ್ದು 8 ಪಟ್ಟು. ಎರಡು ಪಟ್ಟು ಹಿಗ್ಗಿಸುವ ಮಸೂರವೊಂದನ್ನು ನಡುವೆ ಹಾಕಿದರೆ 16 ಆಗುತ್ತದೆ, ಸಾಕು. ಕಪ್ಪುಬಿಳುಪಿನ ಕ್ಯಾಮರಾ ವಿವರವನ್ನು ಇನ್ನೂ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಬಣ್ಣಕ್ಕಾಗಿ ಶೋಧಕ ಗಾಜುಗಳನ್ನು ಬೇರೆ ಕೊಳ್ಳಬೇಕು. ಮೊದಲ ಸಲಕ್ಕೆ ಬಣ್ಣದ್ದೇ ಇರಲೆಂದು ಒಪ್ಪಿದೆವು. ಅದರ ಬೆಲೆ ಅಂಗಡಿಯ ಕ್ಯಾಮರಾದ ಐದನೆಯ ಒಂದು ಪಾಲಿಗಿಂತಲೂ ಕಡಮೆ. ಧೂಮಕೇತು, ಆಕಾಶಗಂಗೆಗಳ ಚಿತ್ರ ತೆಗೆಯುವ ಆಸೆ ಹುಟ್ಟಿದರೆ ದೊಡ್ಡದೇ ಬೇಕಾದೀತು ಎಂದೂ ಹೇಳಿದೆ. ಅದು ಮುಂದಿನ ಮಾತು.

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆ. ಮೊದಲ ರಾತ್ರಿ ಮಾಳಿಗೆಯ ಮೇಲೆ ದೂರದರ್ಶಕ ಹೂಡಿದೆವು. ಹಗಲೆಲ್ಲ ಕಾದ ಸಿಮೆಂಟು ರಾತ್ರಿಯಿಡೀ ಬಿಸಿಯುಸಿರು ಬಿಡುತ್ತಿತ್ತು. ಗುರು ಕುದಿಯುವ ಎಸರಿನಂತೆ ಕಂಡಿತು. ಮರುದಿನ ಜೋಳದ ಹೊಲದ ಬದುವಿಗೆ ಹೋದೆವು. ಗುರು ನೆತ್ತಿಯ ಹತ್ತಿರಕ್ಕೆ ಏರಿತ್ತು. ಯುರೋಪಿನ ವೀಕ್ಷಕರಿಗಿಲ್ಲದ ಅನುಕೂಲ ನಮ್ಮ ನೆಲಕ್ಕಿದೆ. ಗ್ರಹಗಳು ನಮಗೆ ಎತ್ತರದಲ್ಲಿ ಹಾಯುತ್ತವೆ, ಅಷ್ಟರಮಟ್ಟಿಗೆ ನಡುವೆ ಅಡ್ಡಬರುವ ಗಾಳಿ ಕಡಮೆ. ಶಾಲು ಹೊದ್ದು ಬಂದ ಅಕ್ಕ ಕಂಪ್ಯೂಟರಿನ ತೆರೆಯನ್ನು ಬಗ್ಗಿ ನೋಡಿ, "ಕಾಲುವಿ ನೀರಾಗ ರೂಪಾಯಿ ಬಿದ್ದಂಗ ಕಾಣಸ್ತದಲ್ಲೋ!" ಎಂದಳು. ನಾನು ಇಷ್ಟುದ್ದ ಬರೆದು ವಿವರಿಸಿದ ಸಂಗತಿ ಅವಳಿಗೆ ಒಂದು ನೋಟಕ್ಕೆ ಹೊಳೆದಿತ್ತು.

"ಹೌದವ್ವ, ನೀರು ನಿಂತಾಗ ನಿಂತಾಗ ಕಂಡದ್ದನ್ನ ಆರಿಸ್ಕೊಳ್ಳೋದು" ಎಂದ ಅಳಿಯ.

ಗುರು ಹತ್ತು ಗಂಟೆಗೂ ತುಸು ಕಡಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ ಹೆಚ್ಚು ಹೊತ್ತು ತೆಗೆದರೆ ಬಿಂಬ ಅಳಿಸಿದಂತಾಗುತ್ತದೆ. ಮೂರು ನಿಮಿಷ ತೆಗೆದ. ಹದಿನೆಂಟು ಸಾವಿರ ಚಿತ್ರಗಳು. ಅವುಗಳಲ್ಲಿ ಹತ್ತಕ್ಕೊಂದರಂತೆ ಆರಿಸಿ ಕೂಡಿಸಿದಾಗ ಎರಡು ಕಂದು ಪಟ್ಟೆಗಳೂ, ಒಂದರ ಅಂಚಿನಲ್ಲಿ ಸಣ್ಣದೊಂದು ಗಂಟೂ ಮೂಡಿದವು. ಪುಸ್ತಕಗಳಲ್ಲಿ ಕಾಣುವ ಚಿತ್ರಗಳ ಮುಂದೆ ಅದು ಏನೇನೂ ಅಲ್ಲ. ಆದರೆ ಪೋತ್ನಾಳದ ಹೊಲದ ಬದುವಿನಲ್ಲಿ ಆ ರಾತ್ರಿ ಆ ಹೊತ್ತಿಗೆ ಗುರು ಹೀಗಿತ್ತೆಂಬುದಕ್ಕೆ ಅದು ಸಾಕ್ಷಿ. ಭೂಮಿ ತಿರುಗುತ್ತಿರುತ್ತದೆ. ಆಸ್ಟ್ರೇಲಿಯದವನಿಗೆ ಬೆಳಗಾಗಿ, ಅಮೆರಿಕದವನಿಗೆ ಇನ್ನೂ ಹಗಲಿರುವ ಹೊತ್ತಿನಲ್ಲಿ ಗುರುವಿನ ಮೇಲೆ ಏನಾದರೂ ನಡೆದರೆ ನೋಡುವವರು ನಮ್ಮ ಕಡೆಯವರೇ ಆಗಬೇಕು.

ಅಳಿಯ ಒಂದು ನೋಟ್‌ಬುಕ್ಕು ತೆಗೆದು ತಾರೀಖು, ಗಂಟೆ, ಗಾಳಿಯ ಸ್ಥಿತಿ ಬರೆಯತೊಡಗಿ, "ಇಂಗ್ಲಿಷಿನ್ಯಾಗ ಬರೀಲೇನು ಮಾಮಾ?" ಎಂದು ಕೇಳಿದ. 1874ರ ಆ ಕನ್ನಡದ ಪುಸ್ತಕದ ಸಂಗತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದುದರ ಮೇಲೆ ಗೀಟು ಎಳೆದು, ಕೆಳಗಿನ ಸಾಲಿನಲ್ಲಿ 'ಗುರು' ಎಂದು ಬರೆದುಕೊಂಡ.